ಬೀಳಲು ಪರ್ಮಿಷನ್ ಬೇಡದ ಮನೆ

ಮೊನ್ನೆ ಭಾನುವಾರ ನನ್ನ ಹೆಂಡತಿ ಮಾಲಿನಿಯ ಜೀವ ಉಳಿಸಿದ್ದು ಮೊಬೈಲ್ ನೆಟ್‌ವರ್ಕ್. ಅಂದರೆ, ಅದು ಇಲ್ಲದೇ ಇದ್ದದ್ದು. (ನಗಬೇಡಿ.)

ವರ್ತೂರಿನ ಆಚೆ ಒಂದು ಹಳೆಯ ಮನೆ ನೋಡಲು ಹೋಗಿದ್ದೆವು. ದಪ್ಪನೆಯ ಮಣ್ಣಿನ ಗೋಡೆ, ಮರದ ಕಂಬ, ಹೆಂಚಿನ ಸೂರು. ಸುತ್ತಲೂ ಅಪಾರ್ಟ್‌ಮೆಂಟು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವ ಮನೆ. ಕೆಡವುವಂತಿಲ್ಲ. ಅದಕ್ಕೇ ರೇಟು ನಮ್ಮ ಕೈಗೆಟಕುವಂತಿತ್ತು. ಫ್ಲ್ಯಾಟಿನಲ್ಲಿದ್ದು ಬೇಸತ್ತವರಿಗೆ ಇನ್ನೇನು ಬೇಕು?

ಮನೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಮುನಿಶಾಮಪ್ಪ ನಮ್ಮನ್ನು ಒಳಗೆ ಕರೆದೊಯ್ದರು. ತಮ್ಮ ಲೋಕೇಶ್ ಅಂಗಳದಲ್ಲೇ ನಿಂತ. "ನೋಡ್ಕೊಂಡ್ ಬನ್ನಿ ಸಾರ್, ನಾನ್ ಇಲ್ಲೇ ಇರ್ತೀನಿ."

ನಾನು ಚೆನ್ನಾಗಿ ಓದಿಕೊಂಡೇ ಹೋಗಿದ್ದೆ. ರಿಪೇರಿಗೆ ಯಾರ ಅನುಮತಿ ಬೇಕು? ಕಿಟಕಿ ಬದಲಾಯಿಸಬಹುದೇ? ಬ್ಯಾಂಕ್ ಲೋನ್ ಕೊಡುತ್ತದೆಯೇ? ಇನ್ಶೂರೆನ್ಸ್? ಎಲ್ಲವನ್ನೂ ಕೇಳಿದೆ.

ತಲೆ ಎತ್ತಿದರೆ ನಡುಮನೆಯ ಸೂರಿನಲ್ಲಿ ಚಾಪೆಯಷ್ಟಗಲ ಆಕಾಶ. ಅಲ್ಲಿನ ತೊಲೆ ಮಳೆನೀರು ಕುಡಿದು ಕಪ್ಪಾಗಿತ್ತು.

"ಕೋತಿ ಕಾಟ ಸಾರ್," ಲೋಕೇಶ್ ಹೊರಗಿನಿಂದಲೇ ಕೂಗಿದ. "ಹೆಂಚೆಲ್ಲ ಕಿತ್ತಾಕ್ತವೆ."

"ಒಂದ್ಸಲ ಹೊಸ್ದಾಗಿ ಆಕ್ಸಿದ್ದೆ. ತಿರ್ಗಾ ಕಿತ್ತವೆ," ಎಂದರು ಮುನಿಶಾಮಪ್ಪ. "ಜನ ವಾಸ ಇದ್ರೆ ಮನೆ ಉಳೀತದೆ ಸಾರ್. ಅದಕ್ಕೇ ನಿಮ್ಮಂತೋರ್ಗೆ ಕೊಡಾನಾ ಅಂತ."

ಮಾಲಿನಿ ಆ ತೊಲೆಯ ಕೆಳಗೇ ನಿಂತು, ಊಟದ ಟೇಬಲ್ ಎಲ್ಲಿಡೋಣ ಎಂದು ಯೋಚಿಸುತ್ತಿದ್ದಳು. ಫೋನ್ ಹೊಡೆದುಕೊಂಡಿತು. "ಹಲೋ? ಹಲೋ? ಥೂ, ಕೇಳಿಸ್ತಾನೇ ಇಲ್ಲ." ಆ ಗೋಡೆಗಳ ನಡುವೆ ಸಿಗ್ನಲ್ ಎಲ್ಲಿಂದ ಬರಬೇಕು? ಬಾಗಿಲು ದಾಟಿ ಹೊರಗೆ ಹೋದಳು.

ಮೊದಲು ಒಂದು ಹಿಡಿ ಮಣ್ಣು ಉದುರಿತು. ಆಮೇಲೆ ಲಟಕ್ಕೆಂದು ಒಂದು ಸದ್ದು. ಆಮೇಲೆ ತೊಲೆ, ಜಂತೆ, ಹೆಂಚು, ಎಲ್ಲ.

ಧೂಳಿನಲ್ಲಿ ನನ್ನ ಕೈಯೇ ನನಗೆ ಕಾಣಲಿಲ್ಲ. ಅವಳ ಹೆಸರು ಕೂಗಿದೆ. ಉತ್ತರ ಹೊರಗಿನಿಂದ ಬಂತು. ಆ ಎರಡು ಉಸಿರಿನಷ್ಟು ಹೊತ್ತು ಇದೆಯಲ್ಲ, ಅದು ಈಗಲೂ ನಿದ್ದೆಯಲ್ಲಿ ಬರುತ್ತದೆ.

ಕಂಬಕ್ಕೆ ಒತ್ತಿ ನಿಂತಿದ್ದ ಮುನಿಶಾಮಪ್ಪನವರ ಹಣೆಯಿಂದ ರಕ್ತ ಇಳಿಯುತ್ತಿತ್ತು. ಹಿಡಿದುಕೊಂಡು ಅಂಗಳಕ್ಕೆ ಬಂದೆ. ಲೋಕೇಶ್ ಓಡಿ ಬಂದ. ಅವನ ಮೊದಲ ಮಾತೇನು ಗೊತ್ತೇ?

"ಪೂರ್ತಿ ಬಿತ್ತಾ?"

ಮುನಿಶಾಮಪ್ಪ ಅವನನ್ನೇ ನೋಡಿದರು. ನಂತರ ಕಾಂಪೌಂಡಿನ ಮೂಲೆಗೆ ನಡೆದರು. ಅಲ್ಲಿ ಗೋಡೆಗೆ ಒರಗಿಸಿದ ಹೆಂಚುಗಳ ಸಾಲು. ಒಂದೂ ಒಡೆದಿಲ್ಲ. ಬರುವಾಗ ನಾವೆಲ್ಲರೂ ಅದರ ಪಕ್ಕದಲ್ಲೇ ಹಾದು ಬಂದಿದ್ದೆವು.

"ಕೋತಿ ಹೆಂಚು ಕೀಳ್ತದೆ, ಒಪ್ಕತೀನಿ ಕಣ್ಲಾ," ಎಂದರು. "ಇಂಗೆ ಜೋಡಿಸಿ ಮಡಗ್ತದಾ?"

ತಮ್ಮ ಗೇಟಿನ ಕಡೆ ನಡೆದ.

ಇಂಥ ಮನೆ ಕೆಡವಲು ಪರ್ಮಿಷನ್ ಬೇಕು. ಬೀಳಲು ಬೇಡ. ನಾಲ್ಕು ಹೆಂಚು ತೆಗೆದಿಟ್ಟರೆ ಉಳಿದ ಕೆಲಸ ಮಳೆಯೇ ಮಾಡುತ್ತದೆ. ಬಿದ್ದ ಮೇಲೆ ಉಳಿಯುವುದು ಬರೀ ಸೈಟು, ಅದರ ಮುಂದೆ ಬಿಲ್ಡರ್‌ಗಳ ಕ್ಯೂ. ಇದು ಯಾವ ದಾಖಲೆಯಲ್ಲಿ ಬರೆದಿರುತ್ತದೆ?

ಹಳೆಯ ಮನೆ ಕೊಳ್ಳುವವರೇ, ಪಟ್ಟಿ ನೋಡಿ, ಕಾಗದಪತ್ರ ನೋಡಿ, ತೊಲೆ ನೋಡಿ. ಅದಕ್ಕೂ ಮೊದಲು, ಮನೆಯವರಲ್ಲಿ ಯಾರು ಒಳಗೆ ಕಾಲಿಡುತ್ತಿಲ್ಲ ಎಂಬುದನ್ನು ನೋಡಿ.