ಕಲ್ಲು ಕಟ್ಟಿದವನದು ತಪ್ಪಿರಲಿಲ್ಲ

ಆ ವಾರವೆಲ್ಲ ನಾನು ಒಂದು ಕಡೆ ಕೂತವನಲ್ಲ. ಬೆಳಿಗ್ಗೆ ಕಾಫಿ ಅರ್ಧಕ್ಕೇ ಬಿಟ್ಟು ಕಡಲ ದಂಡೆಯ ಕಡೆ ಹೊರಡುತ್ತಿದ್ದೆ. ದೋಣಿ ಕಣ್ಣಿಗೆ ಬೀಳುತ್ತಲೇ ಹಿಂದಿರುಗುತ್ತಿದ್ದೆ. ಮನೆಯಲ್ಲಿ ಪೇಪರ್ ತೆಗೆದರೆ ಅದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ, ಮತ್ತೆ ಚಪ್ಪಲಿ ಮೆಟ್ಟುತ್ತಿದ್ದೆ.

"ಮರಿ ಹಾಕಿದ ಬೆಕ್ಕಿನ ಥರ ಸುತ್ತುತಾ ಇದೀರಲ್ಲ, ಏನಾಗಿದೆ ನಿಮಗೆ?" ಎಂದು ಹೆಂಡತಿ ಕೇಳಿದಳು. ಸೆಕೆ ಎಂದೆ.

ಸೆಕೆಯಲ್ಲ. ಮದರಾಸಿನ ನಮ್ಮ ತಿರುವೊಟ್ಟಿಯೂರಿನ ದಂಡೆಯಲ್ಲಿ ಏಡಿ ಹಿಡಿಯುವ ಒಂದು ಮನೆತನದ ದೋಣಿಯಿದೆ. ಅದರ ಯಜಮಾನನಿಗೆ ಭುಜ ಸೋತಿತ್ತು. ಬರುವ ಶುಕ್ರವಾರ ಚುಕ್ಕಾಣಿಯನ್ನು ಹೆಂಡತಿಯ ತಮ್ಮನಿಗೆ ಬಿಟ್ಟುಕೊಡುವುದಾಗಿ ಹೇಳಿದ್ದ. ನ್ಯಾಯವಾಗಿ ಅದು ಹೋಗಬೇಕಾದದ್ದು ಅವನ ಒಡಹುಟ್ಟಿದ ತಮ್ಮನಿಗೆ. ಆ ತಮ್ಮ ನಾಲ್ಕು ವರ್ಷದಿಂದ ಸೌಕಾರ್‌ಪೇಟೆಯ ಬಟ್ಟೆ ಗೋದಾಮಿನಲ್ಲಿ ಬೇಲು ಎಂಬ ದೊಡ್ಡ ಮೂಟೆಗಳನ್ನು ಹೊರುತ್ತಿದ್ದ. ಅವನು ಕಡಲು ಬಿಟ್ಟದ್ದು ನನ್ನ ದೆಸೆಯಿಂದ. ಇದು ನನಗೊಬ್ಬನಿಗೇ ಗೊತ್ತಿತ್ತು.

ನಾನು ಮೈಸೂರಿನ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಮದರಾಸಿಗೆ ಬಂದು, ಇಲ್ಲಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ದುಡಿದು ನಿವೃತ್ತನಾದೆ. ಹೊತ್ತು ಹೋಗದೆ ದಂಡೆಗೆ ಹೋಗಿ ಕೂರುತ್ತಿದ್ದಾಗ ಈ ಅಣ್ಣತಮ್ಮಂದಿರ ಪರಿಚಯವಾಯಿತು. ಅವರು ಒಂದು ಹಳೆಯ ಜಿಪಿಎಸ್ ಯಂತ್ರ ಕೊಂಡಿದ್ದರು. ಅದರ ಅಕ್ಷರವೆಲ್ಲ ಇಂಗ್ಲಿಷಿನಲ್ಲಿ. ಓದಿದವರು ಬೇಕೆಂದು ನನ್ನನ್ನು ದೋಣಿ ಹತ್ತಿಸಿಕೊಂಡರು. ಸಾರ್, ಸಾರ್ ಎಂದು ಅವರು ಕರೆಯುವಾಗ ನಾನು ಸ್ವಲ್ಪ ಉಬ್ಬಿದ್ದೆನೆಂದು ಒಪ್ಪಿಕೊಳ್ಳಬೇಕು.

ಏಡಿ ಬಲೆಯನ್ನು ಮಧ್ಯಾಹ್ನದ ನಂತರ ಕಡಲ ತಳಕ್ಕೆ ಇಳಿಸಿ ಬರುತ್ತಾರೆ. ಎರಡು ತುದಿಗೂ ಕಲ್ಲು ಕಟ್ಟಿ, ಮೇಲೆ ತೇಲುವ ಥರ್ಮಾಕೋಲಿಗೆ ಬಾವುಟ ನೆಡುತ್ತಾರೆ. ಮರುದಿನ ಬೆಳಕು ಹರಿಯುವಾಗ ಹೋಗಿ ಎತ್ತುತ್ತಾರೆ. ಅಷ್ಟು ನೀರಿನಲ್ಲಿ ಒಂದು ಬಾವುಟವನ್ನು ಹುಡುಕುವುದೇ ವಿದ್ಯೆ. ತಮ್ಮನಿಗೆ ಆ ವಿದ್ಯೆ ಕಣ್ಣಲ್ಲಿತ್ತು. ದಂಡೆಯ ಕಡೆ ತಿರುಗಿ, ಗುಡಿಯ ಗೋಪುರ ಯಾವ ಚಿಮಣಿಯ ಹಿಂದೆ ಮರೆಯಾಯಿತು, ಬಂದರಿನ ಕ್ರೇನು ಯಾವ ಕಟ್ಟಡಕ್ಕೆ ತಾಗಿತು ಎಂದು ನೋಡಿ ಜಾಗ ಗುರುತಿಟ್ಟುಕೊಳ್ಳುತ್ತಿದ್ದ. ಕಲ್ಲು ಕಟ್ಟುವುದೂ ಅವನದೇ ಕೆಲಸ. ನನ್ನ ಯಂತ್ರ ಕಂಡರೆ ಅವನಿಗೆ ತಮಾಷೆ. "ಸುಮ್ನಿರ್ರೋ, ಸಾರ್‌ಗೆ ಆಕಾಶದಿಂದ ಫೋನ್ ಬರ್ತಾ ಇದೆ" ಎನ್ನುತ್ತಿದ್ದ.

ಒಂದು ದಿನ ಮೊದಲಿನ ಜಾಗ ಬಿಟ್ಟು ಸ್ವಲ್ಪ ಉತ್ತರಕ್ಕೆ ಹೋಗಿ ಬಲೆ ಬಿಟ್ಟರು. ಜಾಗವನ್ನು ಯಂತ್ರದಲ್ಲಿ ಉಳಿಸಲು ನಾನು ಬಟನ್ ಒತ್ತಬೇಕಿತ್ತು. ಆ ಹೊತ್ತಿನಲ್ಲಿ ನಾನು ಉಪಗ್ರಹ ಎಂದರೇನು, ಅದು ಹೇಗೆ ಸುತ್ತುತ್ತದೆ ಎಂದು ಯಜಮಾನನಿಗೆ ಪಾಠ ಹೇಳುತ್ತಿದ್ದೆ. ಒತ್ತಲು ಮರೆತೆ.

ಮರುದಿನ ಬೆಳಿಗ್ಗೆ ಯಂತ್ರ ತೋರಿಸಿದ್ದು ಅದರಲ್ಲಿ ಉಳಿದಿದ್ದ ಮೊದಲಿನ ಜಾಗವನ್ನು. ನಾನು ಅಲ್ಲಿಗೇ ಕರೆದುಕೊಂಡು ಹೋದೆ. ಬಾವುಟವಿರಲಿಲ್ಲ. ಇನ್ನೂ ಉತ್ತರಕ್ಕೆ ಹೋಗಬೇಕು ಎಂದು ತಮ್ಮ ಹೇಳಿದ. ಅಂದು ದಂಡೆಗೆಲ್ಲ ಮಬ್ಬು ಕವಿದು ಗೋಪುರವೂ ಚಿಮಣಿಯೂ ಕಾಣದೆ, ಅವನು ತೋರಿಸಿಕೊಡುವಂತಿರಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ, ಬಲೆ ಸೆಳವಿಗೆ ಸಿಕ್ಕಿ ದಕ್ಷಿಣಕ್ಕೆ ಹೋಗಿರಬೇಕು ಎಂದೆ ನಾನು. ಹೊತ್ತು ಏರುವವರೆಗೆ ದಕ್ಷಿಣದಲ್ಲಿ ಹುಡುಕಿದೆವು. ಅಷ್ಟರಲ್ಲಿ ಉತ್ತರದಲ್ಲಿ ದೊಡ್ಡ ದೋಣಿಗಳು ಬಲೆಯ ಮೇಲೆ ಹಾದು ಹೋಗಿದ್ದವು. ಎರಡು ದಿನದ ಮೇಲೆ ಯಾರೋ ಒಂದು ಬಾವುಟವನ್ನೂ ಹರಿದ ಚೂರುಗಳನ್ನೂ ತಂದುಕೊಟ್ಟರು. ಅಲೆ ಎಲ್ಲೆಲ್ಲಿಗೋ ಒಯ್ದಿದ್ದ ಚೂರುಗಳಿಂದ ಬಲೆಯಿದ್ದ ಜಾಗ ತಿಳಿಯುವಂತಿರಲಿಲ್ಲ.

ಬಲೆ ತೇಲಿತೆಂದರೆ ಕಲ್ಲು ಬಿಚ್ಚಿರಬೇಕು. ಕಲ್ಲು ಕಟ್ಟಿದವನು ತಮ್ಮ. ದಂಡೆಯ ಮೇಲೆ ಹತ್ತು ಜನರ ಮುಂದೆ, ಅವನ ಹೆಂಡತಿಯ ಮುಂದೆ, ಅಣ್ಣ ಅವನನ್ನು ಬಾಯಿಗೆ ಬಂದಂತೆ ಬೈದ. ಗಂಟು ಹಾಕಲು ಬಾರದವನಿಗೆ ದೋಣಿ ಏಕೆ ಎಂದ. ಕಡೆಗೆ ನನ್ನ ಕಡೆ ತಿರುಗಿ, "ನೀವೇ ಹೇಳಿ ಸಾರ್" ಎಂದ. ಹಿಂದಿನ ಸಂಜೆಯೇ ಯಂತ್ರ ತೆಗೆದು ನೋಡಿ ನನ್ನ ತಪ್ಪು ನನಗೆ ತಿಳಿದುಹೋಗಿತ್ತು. ಆದರೂ, ಯಂತ್ರ ಸರಿಯಾಗಿಯೇ ಇದೆ ಎಂದೆ. ಮಾರನೆಯ ದಿನದಿಂದ ತಮ್ಮ ದಂಡೆಗೆ ಬರಲಿಲ್ಲ.

ಚುಕ್ಕಾಣಿ ಒಮ್ಮೆ ಕೈ ಬದಲಾಯಿತೆಂದರೆ, ಹಿಡಿದವನಿಗೆ ಕೈಲಾಗುವ ತನಕ ಅದನ್ನು ಮರಳಿ ಕೇಳುವ ಪದ್ಧತಿ ಆ ಮನೆಯಲ್ಲಿಲ್ಲ. ಹಾಗಾಗಿ ಹೇಳುವುದಾದರೆ ಶುಕ್ರವಾರದ ಒಳಗೆ ಹೇಳಬೇಕಿತ್ತು. ಸೋಮವಾರ ಹೋದೆ, ಬಂದೆ. ಮಂಗಳವಾರ ಹೋಗಿ ಮಾತು ಶುರು ಮಾಡಿ ಏಡಿಯ ಬೆಲೆ ವಿಚಾರಿಸಿ ಬಂದೆ. ಬುಧವಾರ ಅದೂ ಆಗಲಿಲ್ಲ.

ಗುರುವಾರ ಬೆಳಿಗ್ಗೆ ಯಜಮಾನನೂ ಅವನ ಹೆಂಡತಿಯೂ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು ಏಡಿ ಬಿಡಿಸುತ್ತಿದ್ದರು. ಕಾಲು ಮುರಿಯದಂತೆ ಒಂದೊಂದೇ ಎಳೆ ಸರಿಸಿ ತೆಗೆಯುವ ಕೆಲಸ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಕಾಲು ಮುರೀತಾ ಇದೀರ, ಇತ್ಲಾಗೆ ಕೊಡಿ" ಎಂದು ಹೆಂಡತಿ ಅವನ ಕೈಯಿಂದ ಬಲೆ ಎಳೆದುಕೊಂಡಳು.

"ಅವತ್ತು ಅವನನ್ನ ಬೈದಿದ್ದು ಇದೇ ಜಾಗದಲ್ಲಿ" ಎಂದ ಅವನು. "ನೀವು ಅಗೋ ಅಲ್ಲಿ ನಿಂತಿದ್ರಿ. ಟೀ ಕುಡೀತಾ ಇದ್ರಿ."

ಹೌದು ಎಂದೆ.

"ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳಿ. ಆ ದೋಣಿಯವರಿಗೂ ಕೇಳಿಸಬೇಕು."

ಗಟ್ಟಿಯಾಗಿ ಹೇಳಿದೆ. ಪಕ್ಕದ ದೋಣಿಯವರು ತಿರುಗಿ ನೋಡಿದರು. ಅವರಲ್ಲೇ ಇದ್ದ ಯಜಮಾನನ ಹೆಂಡತಿಯ ತಮ್ಮ ನನ್ನನ್ನೊಮ್ಮೆ ನೋಡಿ ಎದ್ದು ಹೋದ. ಯಜಮಾನ ಬಲೆಯ ಇನ್ನೊಂದು ತುದಿ ಎಳೆದುಕೊಂಡ.

ಅಲ್ಲಿಂದ ಸೀದಾ ಸೌಕಾರ್‌ಪೇಟೆಗೆ ಬಸ್ಸು ಹಿಡಿದೆ. ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ. ತಳ್ಳುಗಾಡಿಗಳು ಸಿಕ್ಕಿಕೊಂಡ ಓಣಿಯೊಂದರ ಗೋದಾಮಿನಲ್ಲಿ ತಮ್ಮ ಬೇಲೊಂದಕ್ಕೆ ಹಗ್ಗ ಬಿಗಿಯುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೆಲಸ ನಿಲ್ಲಿಸದೆ ಕೇಳಿಸಿಕೊಂಡ. ಗಂಟು ಹಾಕಿದ, ಎಳೆದು ನೋಡಿದ, ಮತ್ತೊಮ್ಮೆ ಎಳೆದು ನೋಡಿದ.

"ನಾನೇ ಸರಿಯಾಗಿ ಕಟ್ಟಲಿಲ್ಲ ಅಂದ್ಕೊಂಡಿದ್ದೆ ಸಾರ್" ಎಂದ. "ಮೊದಮೊದಲು ಇಲ್ಲ ಅಂತಿದ್ದೆ. ಆಮೇಲೆ ನಂಬಿಬಿಟ್ಟೆ. ನೋಡಿ, ಒಂದೊಂದು ಗಂಟೂ ಎರಡೆರಡು ಸಲ. ಸೇಟು ನಗ್ತಾನೆ."

ನಾನು ಈ ನಾಲ್ಕು ವರ್ಷ ಅವನ ಕೆಲಸ ಹೋಯಿತೆಂದಷ್ಟೇ ಕೊರಗಿದ್ದೆ. ತನ್ನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನೇ ತೆಗೆದಿದ್ದೇನೆಂದು ಯೋಚಿಸಿರಲಿಲ್ಲ. ಕ್ಷಮಿಸು ಎಂದೆ.

"ಅದು ಆಮೇಲೆ ನೋಡೋಣ. ಅಣ್ಣ ಕರೆದನಾ?"

ಇಲ್ಲ ಎಂದೆ. ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವನು ಮುಂದಿನ ಬೇಲನ್ನು ಎಳೆದುಕೊಂಡ.

ಶುಕ್ರವಾರ ಬೆಳಕು ಹರಿಯುವ ಮುಂಚೆ ದಂಡೆಗೆ ಹೋದರೆ ಅವನು ಬಂದು ನಿಂತಿದ್ದ. ದೋಣಿಯನ್ನು ನೀರಿಗೆ ತಳ್ಳುವಾಗ ತಮ್ಮ ಒಂದು ಕಡೆ ಭುಜ ಕೊಟ್ಟ, ಹಾರಿ ಕುಳಿತ. ಯಾರೂ ಇಳಿ ಎನ್ನಲಿಲ್ಲ. ಅಣ್ಣ, ತಮ್ಮ, ಹೆಂಡತಿಯ ತಮ್ಮ ಮೂವರೂ ಹೋದರು, ಚುಕ್ಕಾಣಿ ಯಜಮಾನನ ಕೈಯಲ್ಲಿತ್ತು. ಅದನ್ನು ದಾಟಿಸುವುದು ಕಡಲಿನ ಮೇಲೆ, ಬಲೆ ಎತ್ತಿದ ನಂತರ. ವಾಪಸ್ಸು ಬರುವಾಗ ದೋಣಿಯ ಹಿಂತುದಿಯಲ್ಲಿ ಯಾರಿದ್ದಾರೆಂದು ನೋಡಿಯೇ ದಂಡೆಯವರು ತಿಳಿಯಬೇಕು.

ಹತ್ತು ಗಂಟೆಯವರೆಗೆ ಮೂರು ಸಲ ಮನೆಗೆ ಹೋಗಿ ಬಂದೆ. ದೋಣಿ ಕಂಡಾಗ ನನ್ನ ಕಣ್ಣಿಗೆ ಬಿಸಿಲು ಬಿಟ್ಟರೆ ಏನೂ ತಿಳಿಯಲಿಲ್ಲ. ಯಜಮಾನನ ಹೆಂಡತಿ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ನನ್ನ ತಮ್ಮ ಅಲ್ಲ, ಮೈದುನ" ಎಂದಳು. ಬುಟ್ಟಿ ಎತ್ತಿಕೊಂಡು ನೀರಿನ ಕಡೆ ನಡೆದಳು. ಸಂತೋಷವೋ ಸಂಕಟವೋ, ಮುಖ ನನಗೆ ಕಾಣಲಿಲ್ಲ.

ದೋಣಿಯಿಂದ ಮೊದಲು ಹಾರಿದವನು ಆಕೆಯ ತಮ್ಮ. ನಾಲ್ಕು ವರ್ಷ ಆ ದೋಣಿಯಲ್ಲಿ ಮೈ ಮುರಿದು ದುಡಿದವನು, ಯಾವ ತಪ್ಪೂ ಮಾಡದವನು. ಒದ್ದೆ ಬಲೆ ಹೆಗಲಿಗೆ ಹಾಕಿಕೊಂಡು ನನ್ನ ಎದುರಿಗೇ ಬಂದು ನಿಂತ.

"ನಿನ್ನೆಯೇ ನೆನಪಾಗಬೇಕಿತ್ತಾ ಸಾರ್?" ಎಂದ.

ಬಲೆಯ ಒಂದು ತುದಿ ಮರಳಿನಲ್ಲಿ ಬಿದ್ದಿತ್ತು. ಎತ್ತಿಕೊಡಲು ಬಗ್ಗಿದೆ. ಬೇಡವೆಂದು ಅವನೇ ಜಗ್ಗಿಕೊಂಡು ಹೋದ.