ಮುಖ ಆಮೇಲೆ

ಲವಂಗದೆಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ನೆನಪಾಗುವುದು ಎಪ್ಪತ್ತರ ದಶಕದ ಹೊಸೂರು, ಅಲ್ಲಿನ ನಮ್ಮ ಹಲ್ಲಿನ ಡಾಕ್ಟರು. ಇದ್ದದ್ದು ಒಂದೇ ಕೋಣೆ. ಕುರ್ಚಿಯಲ್ಲಿ ಬಾಯಿ ತೆರೆದವರ ಪಾಡೆಲ್ಲ ಬೆಂಚಿನಲ್ಲಿ ಕಾಯುವವರಿಗೆ ಕಾಣುತ್ತಿತ್ತು. ಇಕ್ಕಳ ಮುಟ್ಟುವ ಮೊದಲು ಅವರು ರೋಗಿಯ ಕೈಗೊಂದು ಕನ್ನಡಿ ಕೊಡುತ್ತಿದ್ದರು. ಕನ್ನಡಿ ಸಿಕ್ಕಿದರೆ ಯಾರಾದರೂ ಮೊದಲು ತಲೆಗೂದಲು ತಾನೇ ಸರಿಮಾಡಿಕೊಳ್ಳುವುದು?

“ಮುಖ ಆಮೇಲೆ. ಮೊದ್ಲು ಹಲ್ಲು ನೋಡಿ,” ಎಂದು ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಗದರುತ್ತಿದ್ದರು.

ರೂಟ್ ಕೆನಾಲ್ ಎಂದರೇನೆಂದು ನನಗೆ ತಿಳಿದದ್ದೂ ಆ ಕನ್ನಡಿ ಹಿಡಿದಾಗಲೇ. “ಹಲ್ಲು ಕೀಳಲ್ಲ. ಬೇರಿನೊಳಗೆ ಕೊಳೆತಿರೋ ನರ ತೆಗ್ದು, ತೊಳ್ದು, ಮುಚ್ತೀನಿ. ಹಲ್ಲು ನಿಮ್ದೇ ಇರ್ತದೆ.”

ಒಂದು ದಿನ ಉದ್ದನಪಲ್ಲಿಯ ಹೆಂಗಸೊಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಂದರು. ಮುಂದಿನ ಉಬ್ಬುಹಲ್ಲು ಹುಳುಕಾಗಿತ್ತು.

“ಕಿತ್ತಾಕ್ಬುಡಿ ಸಾಮಿ.”

“ಹುಳುಕು ಕೆರೆದು ಸಿಮೆಂಟ್ ತುಂಬಿದ್ರೆ ಉಳೀತದಮ್ಮ. ನೀವೇ ನೋಡಿ,” ಎಂದು ಡಾಕ್ಟರು ಕನ್ನಡಿ ಕೊಟ್ಟರು.

“ಅದೆಲ್ಲ ಬ್ಯಾಡ,” ಎನ್ನುತ್ತಲೇ ಆಕೆ ಕನ್ನಡಿ ಹಿಡಿದರು. ಹಲ್ಲು ನೋಡಲಿಲ್ಲ, ತಮ್ಮ ಮುಖವನ್ನೇ ನೋಡುತ್ತ ಕೂತುಬಿಟ್ಟರು. ಬೆಂಚಿನಲ್ಲಿದ್ದ ನಾವೆಲ್ಲ ಎಂದಿನ ಗದರಿಕೆಗೆ ಕಾದೆವು. ಡಾಕ್ಟರು ಮಾತ್ರ ಗದರದೆ ಕಿಟಕಿಯ ಕಡೆ ತಿರುಗಿ ನಿಂತರು.

“ನಮ್ಮವ್ವ ನಕ್ರೆ ಹಿಂಗೇ ಕಾಣೋಳು,” ಎಂದರು ಆಕೆ, ಕನ್ನಡಿ ಇಳಿಸುತ್ತ. “ಇರ್ಲಿ ಬುಡಿ, ತುಂಬಿ.”