ಮಡಿಲಕ್ಕಿಯ ರಾಣಿ ರೂಪಾಯಿ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಶ್ರೀರಂಗಪಟ್ಟಣದಲ್ಲಿ ಕೋಟೆ ನೋಡಲು ಬರುವವರ ದಾರಿಯಲ್ಲಿ ಒಂದು ಮಡಿಸುವ ಮೇಜು ಹಾಕಿಕೊಂಡು ಹಳೇ ನಾಣ್ಯ ಮಾರುತ್ತೇನೆ. ದೇವಲಾಪುರ, ಹೊಣಕೆರೆ ಕಡೆಯ ಹಳ್ಳಿಯವರು ಅಟ್ಟದ ಮೇಲೆ ಸಿಕ್ಕಿದ್ದು, ಅಜ್ಜಿಯ ಗಂಟಿನಲ್ಲಿದ್ದದ್ದು ಎಂದು ನನ್ನ ಹತ್ತಿರ ತರುತ್ತಾರೆ. ಭೂತಗನ್ನಡಿ ಹಿಡಿದು ನೋಡಿ ಇದು ಚೆನ್ನಾಗಿದೆ, ಇದು ಸವೆದಿದೆ, ಇದು ನಕಲಿ ಎಂದು ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ. ಅಕ್ಕನನ್ನು ಕಳ್ಳಿ ಎಂದದ್ದೂ ಅದೇ ಭೂತಗನ್ನಡಿ ಹಿಡಿದುಕೊಂಡೇ.

ನಮ್ಮ ಮನೆ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ. ನಾವು ಇಬ್ಬರೇ ಮಕ್ಕಳು. ಅವ್ವನ ದೇವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ಒಂದು ಕಡೆ ರಾಣಿಯ ತಲೆ, ಇನ್ನೊಂದು ಕಡೆ ಹೂಬಳ್ಳಿಯ ನಡುವೆ ಅಕ್ಷರ. ನಾವು ಅದನ್ನು ರಾಣಿ ರೂಪಾಯಿ ಅನ್ನುತ್ತಿದ್ದೆವು. ಶುಕ್ರವಾರ ಅವ್ವ ಅದಕ್ಕೆ ಅರಿಸಿನ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದಳು.

ಅಕ್ಕನನ್ನು ಸಂತೆಬಾಚಹಳ್ಳಿ ಕಡೆಗೆ ಕೊಟ್ಟಾಗ ಅವ್ವ ಮಡಿಲಕ್ಕಿಯ ಜೊತೆ ಆ ರೂಪಾಯಿ ಇಟ್ಟಳು. ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲರೂ ಇಡುತ್ತಾರೆ. ರೂಪಾಯಿ ಮಾತ್ರ ನಮ್ಮ ಮನೆಯದೇ ಪದ್ಧತಿ. ಮಗಳು ಅದನ್ನು ಗಂಡನ ಮನೆಯಲ್ಲಿ ಜೋಪಾನ ಮಾಡಿ, ಮುಂದಿನ ಸಲ ತವರಿಗೆ ಬರುವಾಗ ತಂದು ದೇವರ ಪೆಟ್ಟಿಗೆಗೆ ಹಾಕಬೇಕು. ಹೊರಡುವಾಗ ಅವ್ವ ಮತ್ತೆ ಅದನ್ನೇ ಮಡಿಲಿಗೆ ಹಾಕುವಳು. ರೂಪಾಯಿ ಅಕ್ಕನ ಹತ್ತಿರ ಇದೆ ಅಂದರೆ ಅಕ್ಕ ಬರುತ್ತಾಳೆ ಅಂತ ಲೆಕ್ಕ. ಹಾಗೆ ಅದು ಇಪ್ಪತ್ತು ವರ್ಷ ಎರಡು ಮನೆಗಳ ನಡುವೆ ಓಡಾಡಿತು.

ಅವ್ವ ತೀರಿಕೊಂಡ ಮೇಲೆ, ತಿಥಿಯ ಮಾರನೇ ದಿನ ಅಕ್ಕ ಸೆರಗಿನ ಗಂಟು ಬಿಚ್ಚಿ ರೂಪಾಯಿಯನ್ನು ನನ್ನ ಕೈಗೆ ಕೊಟ್ಟಳು. ಭಾವ ಇದ್ದರು, ದೊಡ್ಡವ್ವ ಇದ್ದಳು, ನನ್ನ ಹೆಂಡತಿ ಇದ್ದಳು.

"ತಕೋ. ಸೂತಕ ಅಂತ ಹುಣಸೆಹಣ್ಣು ಹಾಕಿ ತೊಳ್ದಿವ್ನಿ. ಇನ್ಮೇಲೆ ನಿನ್ನ ಎಂಡ್ತಿ ತುಂಬ್ಲಿ ನನ್ನ ಮಡ್ಲ" ಅಂದಳು.

ನಾನು ಜೇಬಿನಿಂದ ಭೂತಗನ್ನಡಿ ತೆಗೆದೆ. ಯಾರೂ ತೆಗೆ ಎಂದಿರಲಿಲ್ಲ. ನನಗೆ ನೆನಪಿದ್ದ ರೂಪಾಯಿಯಲ್ಲಿ ರಾಣಿಯ ಜಡೆಯ ಎಳೆ ಎಳೆ ಕಾಣುತ್ತಿತ್ತು, ಎದೆಯ ಮೇಲಿನ ಹೂವು ಕಾಣುತ್ತಿತ್ತು. ಇದರಲ್ಲಿ ಕಿವಿಯ ಮೇಲಿನ ಕೂದಲು ನುಣ್ಣಗೆ ಬೋಳು. ಕೆನ್ನೆ ಚಪ್ಪಟೆ. ಹೂವು ಇದ್ದ ಕಡೆ ಏನೂ ಇಲ್ಲ.

"ಇದು ಅವ್ವನ ರೂಪಾಯಿ ಅಲ್ಲ. ಇದು ಸವೆದಿರೋದು. ನೂರು ಕೈ ದಾಟಿ ಬಂದಿರೋ ಮಾಲು" ಅಂದೆ.

"ಅವ್ವ ಕೊಟ್ಟುದ್ದೇ ಕಣ್ಲಾ."

"ನಾನು ದಿನಾ ನೋಡೋದು ಇದ್ನೇ ಕಣಕ್ಕ. ನಂಗೇಳಿ ಕೊಡ್ಬೇಡ. ಒಳ್ಳೇದ ಯಾರಿಗೆ ಕೊಟ್ಟೆ?"

ಭಾವ ಎದ್ದರು. "ನಮ್ಮಟ್ಟೀಲಿ ರೂಪಾಯಿ ಮೇಯೋ ಎಮ್ಮೆ ಯಾವ್ದೂ ಇಲ್ಲ ಕಣಪ್ಪ. ನಡಿಯೇ, ಬಸ್ಸೊಯ್ತದೆ."

ದೊಡ್ಡವ್ವ ಗದರಿದಳು. ನಾನು ಸುಮ್ಮನಾಗಲಿಲ್ಲ. ಭೂತಗನ್ನಡಿಯನ್ನು ದೊಡ್ಡವ್ವನ ಕಣ್ಣಿಗೇ ಹಿಡಿದು ತೋರಿಸಿದೆ. ಅಕ್ಕ ಚಪ್ಪಲಿ ಹಾಕಿಕೊಂಡಳು. ಮೊರದಲ್ಲಿ ನನ್ನ ಹೆಂಡತಿ ಅಳೆದಿಟ್ಟಿದ್ದ ಮಡಿಲಕ್ಕಿ ಹಾಗೇ ಉಳಿಯಿತು. ಅದೇ ಅಕ್ಕಿಯಲ್ಲಿ ಅನ್ನ ಮಾಡಿಕೊಂಡು ಉಂಡೆವು.

ಆಮೇಲೆ ಅಕ್ಕ ಬರಲಿಲ್ಲ. ಹಬ್ಬಕ್ಕೆ ಫೋನು ಮಾಡಿದರೆ ಭಾವ ಎತ್ತಿ "ಅವಳು ಡೈರಿಗೆ ಹಾಲಾಕಕ್ಕೋಗವ್ಳೆ" ಅನ್ನುವರು. ಯಾವ ಹೊತ್ತಿಗೆ ಮಾಡಿದರೂ ಅದೇ ಮಾತು. ರೂಪಾಯಿಯನ್ನು ನಾನು ಒಂದು ಕಾಗದದಲ್ಲಿ ಸುತ್ತಿ, ಮೇಲೆ 'ಸವೆದದ್ದು' ಎಂದು ಬರೆದು, ಮೇಜಿನ ಮೇಲಿನ ಚಿಲ್ಲರೆ ಡಬ್ಬಿಗೆ ಹಾಕಿದೆ. ಮಾರುವುದಕ್ಕೆ ಹಾಕಿದೆ. ಅದನ್ನೂ ಹೇಳಿಬಿಡಬೇಕು. ಯಾರೂ ಕೊಳ್ಳಲಿಲ್ಲ. ಆರು ವರ್ಷ ಡಬ್ಬಿಯಲ್ಲೇ ಇತ್ತು.

ನಾಗಮಂಗಲದಿಂದ ಒಬ್ಬರು ರಿಟೈರಾದ ಮೇಷ್ಟ್ರು ಆಗಾಗ ಬರುತ್ತಾರೆ. ಕೊಳ್ಳುವುದು ಕಡಿಮೆ, ಕೆದಕುವುದು ಜಾಸ್ತಿ. ಹೋದ ವರ್ಷ ಒಂದು ಮಧ್ಯಾಹ್ನ ಅವರು ಡಬ್ಬಿ ಕೆದಕುತ್ತಾ ಆ ಕಾಗದ ಬಿಚ್ಚಿದರು. ರೂಪಾಯಿಯನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿದರು.

"ಸವೆದದ್ದು ಅಂತ ಬರೆದೋರು ಯಾರಪ್ಪ?"

"ನಾನೇ ಸಾರ್."

"ಅದಕ್ಕೇ ಇನ್ನೂ ಮೇಜು ಹಾಕ್ಕೊಂಡು ಕೂತಿದೀಯ. ಅಂಚು ನೋಡು. ಕೈಯಲ್ಲಿ ಸವೆದಿದ್ರೆ ಅಂಚೂ ಸವೀಬೇಕಿತ್ತು. ಇಲ್ಲಿ ಸುತ್ತಿನ ಚುಕ್ಕಿ ಒಂದೂ ಅಳಿಸಿಲ್ಲ, ಪಕ್ಕದ ಗೀರು ಹಲ್ಲಿನ ಹಂಗೆ ನಿಂತಿದೆ. ನಡುವೆ ಮಾತ್ರ ಬೋಳು. ಈಗ ತಿರುಗಿಸು. ತಲೆಯ ಹಿಂದುಗಡೆ ಸರಿಯಾಗಿ ಅದೇ ಜಾಗದಲ್ಲಿ ಅಕ್ಷರಾನೂ ಮಸುಕು, ಅಲ್ವಾ?"

ಹೌದು, ಮಸುಕಾಗಿತ್ತು. ಆರು ವರ್ಷ ನಾನು ಅದನ್ನು ತಿರುಗಿಸಿ ನೋಡಿರಲಿಲ್ಲ.

"ನಾಣ್ಯ ಹೊಡೆಯೋ ಟಂಕಸಾಲೇಲಿ ಅಚ್ಚು ಗಟ್ಟಿಯಾಗಿ ಕೂತಿಲ್ಲ, ಅಷ್ಟೆ. ಬೆಳ್ಳಿ ಅಚ್ಚಿನ ಗುಂಡಿ ಪೂರ್ತಿ ತುಂಬಿಲ್ಲ. ಹುಟ್ಟಿದಾಗಲೇ ಇದರ ಮುಖ ಇಷ್ಟೇ. ಯಾರ ಕೈಯೂ ಸವೆಸಿದ್ದಲ್ಲ. ಯಾರೋ ಹುಣಸೆಹಣ್ಣು ಹಾಕಿ ಉಜ್ಜಿದಾರೆ, ಅದಕ್ಕೆ ದರ್ಜೆ ಒಂದು ಮೆಟ್ಟಿಲು ಇಳಿಸಬೇಕು. ಆದ್ರೂ ಅಕ್ಷರದ ಸಂದಿನಲ್ಲಿ ಮೊದಲಿನ ಹೊಳಪಿದೆ ನೋಡು. ಒಳ್ಳೇ ದರ್ಜೆಯ ನಾಣ್ಯ."

ಅವರು ಉಗುರಿನಿಂದ ಅಂಚಿನ ಗೀರನ್ನು ಕೆರೆದರು. ಉಗುರಿನ ತುದಿಗೆ ಕೆಂಪು ಹತ್ತಿತು.

"ಕುಂಕುಮ. ಪೂಜೇಲಿ ಇದ್ದದ್ದು."

ನನಗೆ ಏನೂ ಅನ್ನಿಸಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿದರೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ಮೇಷ್ಟ್ರು ಹೋದ ಮೇಲೆ ಊಟದ ಡಬ್ಬಿ ತೆಗೆದು ರಾಗಿಮುದ್ದೆ ಉಂಡೆ. ಉಣ್ಣುವಾಗ ಗೊತ್ತಾಯಿತು, ನನಗೆ ನೆನಪಿದ್ದ ಜಡೆಯ ಎಳೆಗಳೆಲ್ಲ ಕುಂಕುಮದವು. ಆಳವಿಲ್ಲದ ಗೆರೆಗಳಲ್ಲಿ ಅವ್ವ ಇಟ್ಟ ಕುಂಕುಮ ಕೂತು ರಾಣಿಯ ಮುಖ ಎದ್ದು ಕಾಣುತ್ತಿತ್ತು. ಅಕ್ಕ ತೊಳೆದಳು, ಮುಖ ಹೋಯಿತು. ತೊಳೆದಿದ್ದೇನೆ ಎಂದು ಅವಳೇ ಹೇಳಿದ್ದಳು.

ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಅಳೆದು, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಇಟ್ಟು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಟ್ಟಳು. ಜೊತೆಗೆ ಬಾ ಅಂದರೆ ಬರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ ಅಕ್ಕನ ಊರು ತಲುಪಿದಾಗ ಹನ್ನೊಂದು ಗಂಟೆ. ಅಕ್ಕ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು.

"ಏನ್ಲಾ, ದಾರಿ ತಪ್ಪಿ ಬಂದ್ಬುಟ್ಯಾ?"

"ಇಲ್ಲ ಕಣಕ್ಕ. ಮಡ್ಲಕ್ಕಿ ತಂದಿವ್ನಿ."

"ಗಂಡಸು ಮಡ್ಲಕ್ಕಿ ತಂದುದ್ದ ಈ ಊರು ಇನ್ನೂ ಕಂಡಿಲ್ಲ. ಅವಳೆಲ್ಲಿ?"

"ಕೆಡಿಸಿದೋರು ನೀವು, ನೀವೇ ಓಗಿ ಅಂದ್ಲು."

"ಅವಳಿಗಾರಾ ಬುದ್ಧಿ ಅದೆ."

ಜಗಲಿಯ ಮೇಲೆ ಕೂತೆ. "ಅದು ಅವ್ವನ ರೂಪಾಯೇ ಕಣಕ್ಕ. ಸವೆದಿಲ್ವಂತೆ, ಅಚ್ಚೇ ಸರಿಯಾಗಿ ಬಿದ್ದಿಲ್ವಂತೆ. ನಾಗಮಂಗಲದ ಮೇಷ್ಟ್ರು ನೋಡಿ ಹೇಳುದ್ರು" ಅಂದೆ.

ಅಕ್ಕ ಕ್ಯಾನು ಬೋರಲು ಹಾಕಿದಳು. "ಮೇಷ್ಟ್ರು ಹೇಳುದ್ರಾ?" ಅಂದಳು. "ನಾನೂ ಅದ್ನೇ ಹೇಳಿದ್ದೆ ಕಣ್ಲಾ. ನಾನು ಮೇಷ್ಟ್ರಲ್ಲ, ನೋಡು."

ತಪ್ಪಾಯಿತು ಎಂದೆ. ಅವಳು ಕೇಳಿಸಿಕೊಂಡಳು. ಕೈ ಒರೆಸಿಕೊಂಡು, ದೇವರಿಗೆ ದೀಪ ಹಚ್ಚಿ, ನನ್ನ ಮುಂದೆ ಸೆರಗು ಒಡ್ಡಿದಳು. ನನಗೆ ತುಂಬುವ ಕ್ರಮ ಸರಿಯಾಗಿ ಗೊತ್ತಿರಲಿಲ್ಲ. ಬೊಗಸೆಯಲ್ಲಿ ಅಕ್ಕಿ ಹಾಕಿದೆ, ಒಂದಷ್ಟು ನೆಲಕ್ಕೆ ಚೆಲ್ಲಿತು. ಕಡೆಗೆ ರೂಪಾಯಿ ಇಟ್ಟೆ.

ಅವಳು ಅಕ್ಕಿಯೊಳಗಿಂದ ರೂಪಾಯಿಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಅಂಗೈಯಲ್ಲಿಟ್ಟಳು.

"ಅವ್ವನ ಮನೆ ಅಕ್ಕಿ, ಬ್ಯಾಡ ಅನ್ನಕ್ಕಾಗಕಿಲ್ಲ. ರೂಪಾಯಿ ತಕೊಂಡೋಗು. ಅದು ತಿರ್ಗಾ ಬರೋರಿಗೆ ಕೊಡೋದು."

ಕೋಪದಿಂದ ಹೇಳಲಿಲ್ಲ. ಉಪ್ಪು ಇಷ್ಟು ಹಾಕು ಎನ್ನುವ ಹಾಗೆ ಹೇಳಿದಳು. ಆಮೇಲೆ ಅವರೆಕಾಳು ಸಾರಿನಲ್ಲಿ ಊಟಕ್ಕಿಟ್ಟಳು, ಇನ್ನೊಂದು ಮುದ್ದೆ ಹಾಕಿಸಿಕೊ ಎಂದು ಬಲವಂತ ಮಾಡಿದಳು. ಭಾವ ಬರುವ ಮೊದಲು ಹೊರಡು ಎಂದಳು.

ರೂಪಾಯಿ ಈಗ ದೇವರ ಪೆಟ್ಟಿಗೆಯಲ್ಲಿದೆ. ಶುಕ್ರವಾರ ಹೆಂಡತಿ ಕುಂಕುಮ ಇಡುತ್ತಾಳೆ, ರಾಣಿಯ ಮುಖ ಮತ್ತೆ ಕಾಣುತ್ತಿದೆ. ಎರಡು ತಿಂಗಳಿಗೊಮ್ಮೆ ನಾನು ಅಕ್ಕಿ ಹೊತ್ತುಕೊಂಡು ಸಂತೆಬಾಚಹಳ್ಳಿ ಬಸ್ಸು ಹತ್ತುತ್ತೇನೆ. ಪ್ರತಿ ಸಲವೂ ರೂಪಾಯಿ ಇಡುತ್ತೇನೆ. ಪ್ರತಿ ಸಲವೂ ಅವಳು ಎತ್ತಿ ನನ್ನ ಕೈಗೆ ಕೊಡುತ್ತಾಳೆ. ಅಕ್ಕಿ ಮಾತ್ರ ಈಗ ನೆಲಕ್ಕೆ ಚೆಲ್ಲುವುದಿಲ್ಲ.